ತಾಯಿಬೇರಿಗೆ ಬ್ಲೇಡು

ಚಿಕ್ಕಮಗಳೂರಿನಲ್ಲಿ ಗಿಡದ ಹುಚ್ಚಿರುವ ಗೆಳೆಯರು ಒಂದು ಭಾನುವಾರ ಸೇರಿದ್ದಾಗ, ಜಪಾನಿನ ಕಪ್ಪು ಪೈನನ್ನು ಬೀಜದಿಂದ ಬೋನ್ಸಾಯ್ (ಕುಂಡದಲ್ಲಿ ಗಿಡ್ಡಗೆ ಬೆಳೆಸುವ ಮರ) ಮಾಡುವುದರ ಬಗ್ಗೆ ಆಡಿದ ಮಾತು ಇದು. ಅಲ್ಲಿ ಕೈಯಲ್ಲಿ ಸಸಿ ಇತ್ತು, ಬ್ಲೇಡ್ ಇತ್ತು, ತೋರಿಸುತ್ತಾ ಹೇಳಿದೆ. ಬರಹದಲ್ಲಿ ಅದಾಗುವುದಿಲ್ಲ. ಹಾಗಾಗಿ ಕೆಲವು ಕಡೆ ಮಾತು ಸ್ವಲ್ಪ ಬೆಳೆದಿದೆ.

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕಾಫಿ ನರ್ಸರಿ ಮಾಡಿದವರು ಎಷ್ಟು ಜನ ಇದ್ದೀರಿ? ಸ್ವಲ್ಪ ಕೈ ಎತ್ತಿ. ಅರ್ಧಕ್ಕಿಂತ ಜಾಸ್ತಿ. ಒಳ್ಳೆಯದಾಯಿತು, ನನ್ನ ಕೆಲಸ ಅರ್ಧ ಕಡಿಮೆಯಾಯಿತು.

ಯಾಕೆ ಕೇಳಿದೆ ಅಂದರೆ, ಜಪಾನಿನ ಕಪ್ಪು ಪೈನ್ ಬೀಜ ಮೊಳೆತದ್ದನ್ನು ಮೊದಲ ಸಲ ನೋಡಿದಾಗ ನನಗೆ ನಗು ಬಂತು. ಥೇಟ್ ನಮ್ಮ ಟೋಪಿ ಸಸಿ! ಕಾಫಿ ಬೀಜ ಬಿತ್ತಿ 40–45 ದಿನಕ್ಕೆ ಬೀಜವನ್ನೇ ತಲೆ ಮೇಲೆ ಹೊತ್ತುಕೊಂಡು ಮೇಲೇಳುತ್ತದಲ್ಲ, ಇದೂ ಹಾಗೆಯೇ. ಬೆಂಕಿಕಡ್ಡಿಗಿಂತ ಸಣ್ಣ ಕಾಂಡ, ಅದರ ತುದಿಗೆ ಬೀಜದ ಸಿಪ್ಪೆಯ ಟೋಪಿ. ಕೆಲವು ದಿನ ಕಳೆದರೆ ಟೋಪಿ ಬೀಳುತ್ತದೆ. ಅಲ್ಲಿಂದ ದಾರಿ ಬೇರೆ. ಕಾಫಿಗೆ ಚಿಟ್ಟೆಯ ರೆಕ್ಕೆಯಂಥ ಎರಡು ಎಲೆ. ಪೈನಿಗೆ ಕೊಡೆಯ ಕಡ್ಡಿ ಬಿಚ್ಚಿದ ಹಾಗೆ ಸುತ್ತಲೂ ಏಳೆಂಟು ಹಸಿರು ಸೂಜಿ.

ಕಾಫಿಯಲ್ಲಿ ಈ ಹಂತಕ್ಕೆ ಏನು ಮಾಡುತ್ತೀರಿ? ಮಡಿಯಿಂದ ಸಸಿ ಎತ್ತಿ ಕವರಿಗೆ ಹಾಕುವ ಮೊದಲು ಬೇರು ನೋಡುತ್ತೀರಿ. ತಾಯಿಬೇರು ನೆಟ್ಟಗಿದ್ದರೆ ಸರಿ. ಡೊಂಕಾಗಿದ್ದರೆ ಎಷ್ಟೇ ಚೆಂದದ ಸಸಿಯಾದರೂ ಆಚೆಗೆ ಎಸೆಯುತ್ತೀರಿ. ಕಾಫಿಯವರಿಗೆ ತಾಯಿಬೇರು ಅಂದರೆ ದೇವರು.

ನಾನು ಮೊದಲ ಸಲ ಪೈನ್ ಸಸಿಯ ತಾಯಿಬೇರನ್ನು ಬ್ಲೇಡಿನಲ್ಲಿ ಪೂರ್ತಿ ಕತ್ತರಿಸುತ್ತಿದ್ದಾಗ ನಮ್ಮ ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ಹಳೇ ರೈಟ್ರು ಪಕ್ಕದಲ್ಲಿ ನಿಂತಿದ್ದರು. ಐದಾರು ಸಸಿ ಆಗುವವರೆಗೆ ಸುಮ್ನೆ ನೋಡಿದರು. ಆಮೇಲೆ ತಡೆಯಲಾಗಲಿಲ್ಲ. "ಅಲ್ಲ ಅಯ್ಯಾ, ತಾಯಿಬೇರೇ ತೆಗೆದ್ರೆ ಇನ್ನು ಗಿಡಕ್ಕೆ ಏನುಳೀತು?" ಅಂದರು. ಇವತ್ತಿನ ನನ್ನ ಮಾತೆಲ್ಲ ರೈಟ್ರ ಆ ಪ್ರಶ್ನೆಗೆ ಉತ್ತರ ಅಂತ ಇಟ್ಟುಕೊಳ್ಳಿ.

ಮೊದಲು ಈ ಮರ ಯಾವುದು, ಎಲ್ಲಿಯದು ಅಂತ ನೋಡೋಣ. ಜಪಾನಿನಲ್ಲಿ ಇದಕ್ಕೆ ಕುರೋಮಾತ್ಸು ಅನ್ನುತ್ತಾರೆ. ಕುರೋ ಅಂದರೆ ಕಪ್ಪು, ಮಾತ್ಸು ಅಂದರೆ ಪೈನ್. ತೊಗಟೆ ಕಪ್ಪು ಬೂದು ಬಣ್ಣ, ವಯಸ್ಸಾದಂತೆ ಮೊಸಳೆ ಬೆನ್ನಿನ ಹಾಗೆ ಹೋಳುಹೋಳಾಗಿ ಬಿರಿಯುತ್ತದೆ. ಸೂಜಿ ಎರಡೆರಡು ಜೋಡಿ, ಕಡು ಹಸಿರು, ಬಿರುಸು, ಕೈಗೆ ಚುಚ್ಚುತ್ತದೆ. ತುದಿಯ ಮೊಗ್ಗು ಮಾತ್ರ ಬೆಳ್ಳಗೆ, ರೇಷ್ಮೆ ನೂಲು ಸುತ್ತಿಟ್ಟ ಹಾಗೆ. ಇದರ ಅಕ್ಕಪಕ್ಕದ ಕೆಂಪು ಪೈನಿನ ಮೊಗ್ಗು ಕೆಂಗಂದು. ಎರಡನ್ನೂ ಬೇರೆ ಮಾಡಿ ಗುರುತಿಸಲು ಇದೇ ಸುಲಭದ ದಾರಿ. ಸಸ್ಯಶಾಸ್ತ್ರದವರ ಹೆಸರು ಪೈನಸ್ ಥುನ್‌ಬರ್ಗಿಯೈ. 1775ರಲ್ಲಿ ಡಚ್ ಕಂಪನಿಯ ವೈದ್ಯನಾಗಿ ನಾಗಸಾಕಿಗೆ ಹೋಗಿ ಮುಂದಿನ ವರ್ಷದವರೆಗೂ ಅಲ್ಲಿದ್ದ ಸ್ವೀಡನ್ನಿನ ಕಾರ್ಲ್ ಪೀಟರ್ ಥುನ್‌ಬರ್ಗ್ ನೆನಪಿಗೆ ಇಟ್ಟ ಹೆಸರು.

ಮಾತ್ಸು ಅನ್ನುವ ಸದ್ದಿಗೆ ಜಪಾನಿ ಭಾಷೆಯಲ್ಲಿ ಇನ್ನೊಂದು ಅರ್ಥವೂ ಇದೆ. ಕಾಯುವುದು ಅಂತ. ಬೀಜ ಹಾಕಿ ಬೋನ್ಸಾಯ್ ಮಾಡುತ್ತೇನೆ ಅಂತ ಹೊರಟವರಿಗೆ ಹೆಸರಿನಲ್ಲೇ ಹೇಳಿಬಿಟ್ಟಿದ್ದಾರೆ.

ಇದು ಕಡಲ ತೀರದ ಮರ. ಜಪಾನ್ ಮತ್ತು ದಕ್ಷಿಣ ಕೊರಿಯಾದ ಕರಾವಳಿಯಲ್ಲಿ ಮರಳು, ಬಂಡೆ, ಉಪ್ಪುಗಾಳಿಯ ನಡುವೆ ಬೆಳೆಯುತ್ತದೆ. ಗಾಳಿ, ಮರಳು ಊರೊಳಗೆ ನುಗ್ಗದಿರಲಿ ಅಂತ ತೀರದುದ್ದಕ್ಕೂ ಸಾಲಾಗಿ ನೆಡುತ್ತಾರೆ. ರಿಕುಝೆನ್‌ತಕಾತ ಎಂಬ ಜಪಾನಿನ ಊರಿನಲ್ಲಿ ಹಾಗೆ ಸುಮಾರು 70,000 ಪೈನ್ ಮರ ಇದ್ದವು. 2011ರ ಸುನಾಮಿಗೆ ಒಂದೇ ಒಂದು ನಿಂತಿತು, ಬಾಕಿ ಎಲ್ಲ ಕೊಚ್ಚಿಹೋದವು. ನಿಂತದ್ದು ಕಪ್ಪು, ಕೆಂಪು ಪೈನುಗಳ ಮಿಶ್ರ ತಳಿ. ಉಪ್ಪುನೀರು ಬೇರಿಗೆ ಹೊಕ್ಕು ಮರುವರ್ಷ ಅದೂ ಸತ್ತಿತು. ಉಪ್ಪುಗಾಳಿ ತಡೆಯುವ ಮರ, ಬೇರಿನ ಸುತ್ತ ನೀರು ನಿಂತರೆ ತಡೆಯುವುದಿಲ್ಲ. ಈ ಮಾತು ನಮ್ಮ ಮಳೆಗಾಲಕ್ಕೆ ಬರುವಾಗ ನೆನಪಿರಲಿ.

ನಮ್ಮ ಊರಿಗೆ ಇದು ಹೊಂದುತ್ತದಾ? ಹೊಂದುತ್ತದೆ, ಆದರೆ ಸುಮ್ಮನೆ ಅಲ್ಲ. ನಾವು ಸಮುದ್ರಮಟ್ಟದಿಂದ 1,000 ಮೀಟರಿಗೂ ಮೇಲಿದ್ದೇವೆ. ರಾತ್ರಿ ತಂಪು. ಬಿಸಿಲಿದೆ, ಗಾಳಿಯಿದೆ. ತೊಂದರೆ ಇರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವುದರಲ್ಲಿ. ಹಾಸನದ ಗೆಳೆಯರು ಪುಣ್ಯವಂತರು, ಅವರಿಗೆ ಮಳೆ ಕಡಿಮೆ. ಸಕಲೇಶಪುರ, ಮೂಡಿಗೆರೆಯವರು ನನಗಿಂತ ಹುಷಾರಾಗಿರಬೇಕು.

ಒಂದು ಸಣ್ಣ ವಿಷಯ. ನಮ್ಮ ಅತ್ತೆ ಈ ಗಿಡ ನೋಡಿ, "ಸರ್ವೆ ಗಿಡ ಕುಂಡದಲ್ಲಿ ಯಾಕಪ್ಪಾ?" ಅಂತ ಕೇಳಿದ್ದರು. ಸರ್ವೆ ಪೈನ್ ಅಲ್ಲ. ಸರ್ವೆಯ ಸೂಜಿ ನಿಜವಾಗಿ ಎಲೆಯೇ ಅಲ್ಲ, ಗೆಣ್ಣು ಗೆಣ್ಣಾಗಿ ಬಿಡಿಸಬಹುದಾದ ಎಳೆ ಕಡ್ಡಿ. ಆದರೆ ಅತ್ತೆಯ ಮಾತು ತೀರಾ ತಳ್ಳಿಹಾಕುವಂಥದ್ದೂ ಅಲ್ಲ. ಸರ್ವೆಯಲ್ಲೂ ಬೋನ್ಸಾಯ್ ಚೆನ್ನಾಗಿ ಆಗುತ್ತದೆ. ಬೀಜ ಸಿಗದವರು ಅದರಲ್ಲೇ ಕೈ ಪಳಗಿಸಿಕೊಳ್ಳಬಹುದು.

ಬೀಜದ ವಿಷಯಕ್ಕೆ ಬರುತ್ತೇನೆ. ಬೋನ್ಸಾಯ್ ಬೀಜ ಅಂತ ಒಂದು ಜಾತಿ ಲೋಕದಲ್ಲಿ ಇಲ್ಲ. ಇದನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ. ಕಾಡಿನಲ್ಲಿ 30 ಮೀಟರ್ ಬೆಳೆಯುವ ಮರದ ಬೀಜವೇ ಕುಂಡದ ಮರದ್ದೂ ಬೀಜ. ನಾನು ಮೊದಲು ಆನ್‌ಲೈನಿನಲ್ಲಿ ಒಂದು ಅಂಗಡಿಯಿಂದ ತರಿಸಿದ್ದೆ. ಪೊಟ್ಟಣದ ಮೇಲೆ ಭಾರಿ ಚೆಂದದ ಪೈನ್ ಚಿತ್ರ. ಬಿತ್ತಿದೆ, ಒಂದೇ ವಾರಕ್ಕೆ ಮೊಳೆಯಿತು, ಕುಣಿದಾಡಿಬಿಟ್ಟೆ. ನೋಡಿದರೆ ಎರಡು ಅಗಲ ಎಲೆ. ಪೈನ್ ಮೊಳಕೆಗೆ ಎರಡು ಎಲೆ ಬರುವ ಮಾತೇ ಇಲ್ಲ. ಎರಡು ತಿಂಗಳಾದ ಮೇಲೆ ಗೊತ್ತಾಯಿತು, ಅದು ಯಾವುದೋ ಸೊಪ್ಪು. ಸಾರಿಗೂ ಆಗಲಿಲ್ಲ. ಆಮೇಲೆ ಬೋನ್ಸಾಯ್ ಮಾಡುವ ಹಳಬರ ಕೈಯಿಂದಲೇ ಬೀಜ ಪಡೆದೆ. ನೇರವಾಗಿ ಹೊರದೇಶದಿಂದ ತರಿಸುವವರು ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡನ್ನೂ ಮಾಡಿಸಿಕೊಳ್ಳಬೇಕು. ಲಕೋಟೆಯಲ್ಲಿ ಅಡಗಿಸಿ ತರಿಸುವ ಚಾಳಿ ಬೇಡ. ಕಾಫಿಗೆ ಬಂದ ರೋಗಗಳನ್ನೆಲ್ಲ ಕಂಡ ಊರು ನಮ್ಮದು.

ಬೀಜ ಅಕ್ಕಿಕಾಳಿನಷ್ಟೇ, ಒಂದು ರೆಕ್ಕೆ ಇರುತ್ತದೆ. ರೆಕ್ಕೆ ಉಜ್ಜಿ ತೆಗೆದು ಒಂದು ದಿನ ನೀರಲ್ಲಿ ನೆನೆಹಾಕಿ. ಮುಳುಗಿದ್ದು ಗಟ್ಟಿ, ತೇಲಿದ್ದು ಬಹುಪಾಲು ಜೊಳ್ಳು. ಕಾಫಿ ಬೀಜ ಆರಿಸುವಾಗಲೂ ಇದನ್ನೇ ಮಾಡುತ್ತೀರಲ್ಲ. ಆಮೇಲೆ ಒದ್ದೆ ಮರಳಿನಲ್ಲಿ ಬೆರೆಸಿ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿ ಒಂದರಿಂದ ಎರಡು ತಿಂಗಳು ಇಡಬೇಕು. ಫ್ರೀಜರ್ ಅಲ್ಲ, ತರಕಾರಿ ಇಡುವ ಜಾಗ. ಚಳಿಗಾಲ ಕಳೆಯಿತು ಅಂತ ಬೀಜಕ್ಕೆ ಅನ್ನಿಸಲಿ ಅಂತ ಈ ನಾಟಕ. ಇದಿಲ್ಲದೆಯೂ ಮೊಳೆಯುತ್ತದೆ, ಆದರೆ ಒಂದು ಇವತ್ತು, ಇನ್ನೊಂದು ತಿಂಗಳು ಬಿಟ್ಟು. ಫ್ರಿಜ್ಜಿನಲ್ಲಿಟ್ಟರೆ ಹೆಚ್ಚುಕಮ್ಮಿ ಒಟ್ಟಿಗೆ ಏಳುತ್ತವೆ. ಒಟ್ಟಿಗೆ ಎದ್ದರೆ ಒಟ್ಟಿಗೆ ಕತ್ತರಿಸಬಹುದು. ಡಬ್ಬಿ ಮೇಲೆ ದೊಡ್ಡದಾಗಿ 'ಮುಟ್ಟಬೇಡಿ' ಅಂತ ಬರೆಯಿರಿ. ನಮ್ಮ ಮನೆಯಲ್ಲಿ ಒಮ್ಮೆ ಆ ಮರಳು ಅಂಗಳ ಸೇರಿತ್ತು.

ಲೆಕ್ಕ ಹೀಗೆ. ಡಿಸೆಂಬರ್ ಮೊದಲ ವಾರ ಫ್ರಿಜ್ಜಿಗೆ. ಜನವರಿ ಕೊನೆಗೆ ಬಿತ್ತನೆ. ಎರಡು ಮೂರು ವಾರಕ್ಕೆ ಮೊಳಕೆ. ಮಾರ್ಚಿನಲ್ಲಿ ಬ್ಲೇಡು. ನೀವು ಕಾಫಿ ಹೂ ಅರಳಿಸುವ ಹೂಮಳೆ ಬಂತಾ ಇಲ್ಲವಾ ಅಂತ ಆಕಾಶ ನೋಡುವ ಹೊತ್ತಿಗೆ ನಾನು ಸಸಿ ಕತ್ತರಿಸುತ್ತಿರುತ್ತೇನೆ. ಹೀಗೆ ಮಾಡಿದರೆ ಮೃಗಶಿರಾ ಮಳೆ ಶುರುವಾಗುವಷ್ಟರಲ್ಲಿ ಹೊಸ ಬೇರು ಬಂದು ಸಸಿ ಕೂತಿರುತ್ತದೆ. ಜಪಾನಿನ ಪುಸ್ತಕದ ತಿಂಗಳುಗಳನ್ನು ಇಲ್ಲಿಗೆ ಎತ್ತಿ ತಂದರೆ ಎಳೆ ಸಸಿ ನೇರವಾಗಿ ಆರಿದ್ರಾ ಮಳೆಯ ಬಾಯಿಗೆ ಬೀಳುತ್ತದೆ.

ನನ್ನ ಮೊದಲ ಪಾತಿಯ ಕತೆ ಹೇಳಲೇಬೇಕು. ಒಳ್ಳೆ ಬೀಜವೇ, 60 ಇದ್ದವು. ಮಣ್ಣಿಗೆ ನನಗೇನು ಹೇಳಿಕೊಡಬೇಕಾ ಅಂತ ಕಾಫಿ ನರ್ಸರಿಯ ಮಿಶ್ರಣವನ್ನೇ ಹಾಕಿದೆ. ಆರು ಪಾಲು ಕಾಡುಮಣ್ಣು, ಎರಡು ಪಾಲು ಗೊಬ್ಬರ, ಒಂದು ಪಾಲು ಮರಳು. ಸಸಿ ಚೆನ್ನಾಗಿಯೇ ಎದ್ದವು. ಒಂದು ಸಂಜೆ ನೀರು ಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ಒಂದು ಮೂಲೆಯ ಸಸಿಗಳು ಮಣ್ಣಿನ ಮಟ್ಟಕ್ಕೆ ಸಣ್ಣಗಾಗಿ ಮಗುಚಿಕೊಂಡಿದ್ದವು. ಮೇಲೆ ಹಸಿರು, ಬುಡ ಮಾತ್ರ ಬೇಯಿಸಿದ ಹಾಗೆ. ನಾಲ್ಕು ದಿನದಲ್ಲಿ ಎಲ್ಲ ಮುಗಿಯಿತು. ಕಾಫಿ ಮಡಿಯಲ್ಲಿ ಕಾಲರ್ ರಾಟ್ ಅನ್ನುತ್ತೀರಲ್ಲ, ಅದೇ ಜಾತಿಯ ಶಿಲೀಂಧ್ರಗಳ ಕೆಲಸ. ತಪ್ಪು ಪೂರ್ತಿ ನನ್ನದು. ಗೊಬ್ಬರ ಹಾಕಿದ್ದು ತಪ್ಪು, ಸಂಜೆ ನೀರು ಹಾಕಿದ್ದು ತಪ್ಪು, ಬೀಜ ಒತ್ತೊತ್ತಾಗಿ ಬಿತ್ತಿದ್ದೂ ತಪ್ಪು.

ಈಗ ಬಿತ್ತುವ ಮಡಿಗೆ ಮಣ್ಣೇ ಹಾಕುವುದಿಲ್ಲ. ಹಳೇ ಮಂಗಳೂರು ಹೆಂಚು ಕುಟ್ಟಿ, ಜರಡಿ ಹಿಡಿದು, ಧೂಳು ಪೂರ್ತಿ ತೊಳೆದು, ಅದಕ್ಕೆ ದಪ್ಪ ಮರಳು ಸೇರಿಸುತ್ತೇನೆ. ಮೇಲೊಂದು ಪದರ ಬರೀ ಮರಳು. ಬಿತ್ತುವ ಮುಂಚೆ ಕುದಿಯುವ ನೀರು ಸುರಿದು ಆರಿಸುತ್ತೇನೆ. ಬೀಜದ ಮೇಲೆ ಒಂದು ಸೆಂಟಿಮೀಟರ್ ಮರಳು ಸಾಕು. ನೀರು ಬೆಳಿಗ್ಗೆ ಮಾತ್ರ. ಜಪಾನಿನವರು ಅಕಾಡಾಮಾ ಅನ್ನುವ ಜೇಡಿಯ ಹರಳು ಬಳಸುತ್ತಾರೆ, ಇಲ್ಲೂ ಸಿಗುತ್ತದೆ, ಆದರೆ ಬೆಲೆ ಕೇಳಿದರೆ ಹೆಂಚೇ ವಾಸಿ. ಮೇಲೆ ಬಲೆ ಮುಚ್ಚಲು ಮರೆಯಬೇಡಿ. ಟೋಪಿ ಹೊತ್ತ ಸಸಿ ಕಂಡರೆ ಪಿಕಳಾರಕ್ಕೆ ಬೀಜ ಅಂತಲೇ ಆಸೆ, ಟೋಪಿಯ ಜೊತೆ ಸಸಿಯೂ ಬರುತ್ತದೆ. ರಾತ್ರಿ ಪಾಳಿಗೆ ಇಲಿ.

ಈಗ ಬ್ಲೇಡಿಗೆ ಬರೋಣ.

ಯಾವತ್ತು ಕತ್ತರಿಸುವುದು ಅಂತ ಕ್ಯಾಲೆಂಡರ್ ಹೇಳುವುದಿಲ್ಲ, ಕಾಂಡ ಹೇಳುತ್ತದೆ. ಮೊಳೆತು ಸುಮಾರು ನಾಲ್ಕರಿಂದ ಆರು ವಾರಕ್ಕೆ ಸಸಿ ಬೆರಳುದ್ದ ಇರುತ್ತದೆ. ಬುಡದಿಂದ ಕಾಂಡ ನೇರಳೆ ಬಣ್ಣಕ್ಕೆ ತಿರುಗುತ್ತಾ ಮೇಲೇರುತ್ತದೆ. ಮೇಲಿನ ಸೂಜಿಗಳ ನಡುವೆ, ಕೊಡೆಯ ಮಧ್ಯದಲ್ಲಿ, ಹೊಸ ಎಳೆ ಸೂಜಿಗಳ ಚುಂಗು ಕಾಣಲು ಶುರುವಾಗುತ್ತದೆ. ಆ ಚುಂಗು ಕಂಡ ವಾರವೇ ಸರಿಯಾದ ವಾರ. ಅದಕ್ಕೆ ಮುಂಚೆ ಕಾಂಡ ತೀರಾ ಮೆತ್ತಗೆ, ಮರಳಿಗೆ ಚುಚ್ಚಿದರೆ ಬಾಗುತ್ತದೆ. ತುಂಬಾ ತಡವಾದರೆ ಕಾಂಡ ಕಟ್ಟಿಗೆಯಾಗಲು ಹೊರಟಿರುತ್ತದೆ, ಬೇರು ಬಿಡಲು ಹಟ ಮಾಡುತ್ತದೆ. ಬೆಳೆದ ಪೈನ್ ಮರದ ಕೊಂಬೆ ತಂದು ನೆಟ್ಟರೆ ಬೇರು ಬರುವುದು ಬಹಳ ಅಪರೂಪ. ದಾಸವಾಳದ ಹಾಗಲ್ಲ ಇದು. ಸುಲಭವಾಗಿ ಬೇರು ಕೊಡುವ ವಯಸ್ಸು ಅಂದರೆ ಈ ಕೂಸಿನ ವಯಸ್ಸೇ.

ಹಿಂದಿನ ದಿನ ನೀರು ಕುಡಿಸಿರಿ. ಬೆಳಿಗ್ಗೆ ತಂಪು ಹೊತ್ತಲ್ಲಿ ಒಂದೊಂದಾಗಿ ಎತ್ತಿ. ಹೊಸ ಶೇವಿಂಗ್ ಬ್ಲೇಡ್, ಕೆಳಗೆ ಒಂದು ನಯವಾದ ಹಲಗೆ. ಕತ್ತರಿ ಬೇಡ, ಅದು ಕಾಂಡವನ್ನು ಜಜ್ಜುತ್ತದೆ. ಸೂಜಿಗಳ ಕೊಡೆಯಿಂದ ಎರಡು ಮೂರು ಸೆಂಟಿಮೀಟರ್ ಕೆಳಗೆ, ನೇರಳೆ ಮುಗಿದು ಹಸಿರಾಗುವ ಆಸುಪಾಸಿನಲ್ಲಿ, ಅಡ್ಡಲಾಗಿ ಒಂದೇ ಏಟು. ಓರೆಯಾಗಿ ಬೇಡ. ಓರೆ ಕೊಟ್ಟರೆ ಬೇರು ಒಂದು ಬದಿಗೇ ಜಾಸ್ತಿ ಬರುತ್ತದೆ. ನಮಗೆ ಬೇಕಿರುವುದು ಸುತ್ತಲೂ ಬೇರು. ಸದ್ದೇ ಬರುವುದಿಲ್ಲ, ಸೊಪ್ಪಿನ ದಂಟು ಕುಯ್ದ ಹಾಗೆ. ಹಲಗೆಯ ಮೇಲೆ ಒಂದು ಹನಿ ನೀರು, ಬೆರಳಿಗೆ ಸಣ್ಣ ಮೇಣದ ವಾಸನೆ. ತಾಯಿಬೇರು ಒಂದು ಕಡೆ, ತಲೆ ಒಂದು ಕಡೆ. ಮೊದಲ ಸಲ ಕೈ ನಡುಗುತ್ತದೆ, ಸುಳ್ಳು ಹೇಳಲ್ಲ.

ಕತ್ತರಿಸಿದ ತುದಿಯನ್ನು ಬೇರು ಬರಿಸುವ ಪುಡಿಗೆ ಅದ್ದಿ. ಐಬಿಎ ಎಂಬ ಬೇರು ಬರಿಸುವ ಹಾರ್ಮೋನು ಇರುವ ಪುಡಿ ಗೊಬ್ಬರದ ಅಂಗಡಿಗಳಲ್ಲಿ ಸಿಗುತ್ತದೆ. ಜಾಸ್ತಿ ಅಂಟಿದ್ದರೆ ಕೊಡವಿ. ಒದ್ದೆ ಮರಳಿನಲ್ಲಿ ಮೊದಲು ಕಡ್ಡಿಯಿಂದ ತೂತು ಮಾಡಿ, ಅದರೊಳಗೆ ಒಂದೂವರೆ ಸೆಂಟಿಮೀಟರ್ ಇಳಿಸಿ, ಸುತ್ತ ಮೆಲ್ಲಗೆ ಒತ್ತಿ. ನೇರವಾಗಿ ಮರಳಿಗೆ ಚುಚ್ಚಿದರೆ ಪುಡಿಯೆಲ್ಲ ಬಾಯಲ್ಲೇ ಉಳಿಯುತ್ತದೆ. ಆಮೇಲೆ ಟ್ರೇ ಮೇಲೆ ಪ್ಲಾಸ್ಟಿಕ್ ಹೊದಿಸಿ ನೆರಳಿನಲ್ಲಿ, ಆದರೆ ಬೆಳಕಿರುವ ಕಡೆ ಇಡಿ. ದಿನಕ್ಕೊಮ್ಮೆ ಹೊದಿಕೆ ತೆಗೆದು ಗಾಳಿಯಾಡಿಸಿ.

ಇನ್ನು ಕೆಲಸ ಮಾತ್ಸು. ನಾಲ್ಕರಿಂದ ಆರು ವಾರ, ಕೆಲವಕ್ಕೆ ಎಂಟು. ಎಳೆದು ನೋಡಬೇಡಿ. ಇದನ್ನು ನಾನು ಎಲ್ಲ ಕಡೆ ಹೇಳುತ್ತೇನೆ, ಕೇಳಿದವರೆಲ್ಲ ಮನೆಗೆ ಹೋಗಿ ಎಳೆದು ನೋಡುತ್ತಾರೆ. ನಾನೂ ನೋಡಿದ್ದೆ. ಎರಡನೇ ವರ್ಷ 48 ಸಸಿ ಕತ್ತರಿಸಿದ್ದೆ, 29 ಉಳಿದವು. ಎಳೆದು ನೋಡದೆ ಇದ್ದಿದ್ದರೆ ಇನ್ನೂ ನಾಲ್ಕೈದು ಉಳಿಯುತ್ತಿದ್ದವು. ನಡುವಿನ ಚುಂಗು ಬೆಳೆಯತೊಡಗಿದರೆ ಕೆಳಗೆ ಬೇರು ಬಂದಿದೆ ಅಂತಲೇ ಅರ್ಥ.

ಇಷ್ಟೆಲ್ಲ ಯಾಕೆ? ಬೀಜದಿಂದ ಎದ್ದ ಪೈನ್ ಒಂದೇ ದಪ್ಪ ಬೇರನ್ನು ಕೆಳಗೆ ಕಳಿಸುತ್ತದೆ. ತೋಟಕ್ಕೆ ಅದು ಸರಿ. ಬೋನ್ಸಾಯ್ ಕುಂಡದ ಆಳ ನಾಲ್ಕು ಬೆರಳು. ಅಲ್ಲಿ ಆ ಬೇರಿಗೆ ಜಾಗವಿಲ್ಲ. ಕಣ್ಣಿಗೂ ಅದು ಸಲ್ಲುವುದಿಲ್ಲ. ಹಳೆಯ ಆಲದ ಮರ ನೋಡಿ, ನೆಲ ಮುಟ್ಟುವಲ್ಲಿ ಬುಡ ಅಗಲವಾಗಿ, ಬೇರುಗಳು ಕೋಳಿ ಕಾಲಿನ ಹಾಗೆ ಹರಡಿರುತ್ತವೆ. ಆ ಬುಡ ನೋಡಿದ ಕೂಡಲೇ ವಯಸ್ಸು ಗೊತ್ತಾಗುತ್ತದೆ. ಜಪಾನಿನವರು ಅದಕ್ಕೆ ನೆಬಾರಿ ಅನ್ನುತ್ತಾರೆ. ಅಡ್ಡ ಕತ್ತರಿಸಿದ ಕಾಂಡದ ಅಂಚಿನಿಂದ ಬೇರು ಬಂದಾಗ ಎಲ್ಲವೂ ಒಂದೇ ಮಟ್ಟದಲ್ಲಿ, ಚಕ್ರದ ಅರೆಕಾಲಿನ ಹಾಗೆ ಸುತ್ತ ಬರುತ್ತವೆ. ಹತ್ತು ವರ್ಷದ ಗಿಡದಲ್ಲಿ ನೆಬಾರಿ ಮಾಡಲು ಹೊರಟರೆ ವರ್ಷಗಟ್ಟಲೆ ಒದ್ದಾಟ. ಒಂದೂವರೆ ತಿಂಗಳ ಸಸಿಯಲ್ಲಿ ಒಂದು ಏಟು.

ಬೇರು ಬಂದ ಮೇಲೆ ಆ ವರ್ಷ ಮುಟ್ಟಬಾರದು. ಬಿಸಿಲಿಗೆ ನಿಧಾನವಾಗಿ ಒಗ್ಗಿಸಿ. ಮಳೆಗಾಲಕ್ಕೆ ನಾನು ಕಾಫಿ ಕಣದ ಮೂಲೆಯಲ್ಲಿ ನಾಲ್ಕು ಕಂಬ ನೆಟ್ಟು ಮೇಲೆ ಪಾಲಿಶೀಟ್ ಕಟ್ಟಿದ್ದೇನೆ. ಬದಿಗಳು ಪೂರ್ತಿ ಬಯಲು. ಗಾಳಿ ಆಡಬೇಕು, ನೀರು ಮಾತ್ರ ಬೀಳಬಾರದು. ಪುಷ್ಯ, ಆಶ್ಲೇಷ ಮಳೆಯ ಹೊತ್ತಿಗೆ ಬಿಸಿಲಿನ ಮುಖ ನೋಡದೆ ಸೂಜಿ ಉದ್ದವಾಗಿ ಜೋಲುತ್ತವೆ. ಬೇಸರ ಬೇಡ, ಅಕ್ಟೋಬರಿನ ಬಿಸಿಲಿಗೆ ಬಂದದ್ದು ಗಿಡ್ಡಗೆ ಗಟ್ಟಿಯಾಗಿ ಬರುತ್ತದೆ.

ಮರುವರ್ಷ ಬೇಸಿಗೆಗೆ ಮುಂಚೆ ಒಂದೊಂದನ್ನು ಬೇರೆ ಮಾಡಿ, ತರಕಾರಿ ತೊಳೆಯುವ ತೂತಿನ ಪ್ಲಾಸ್ಟಿಕ್ ಬುಟ್ಟಿಗೆ ಹಾಕುತ್ತೇನೆ. ಸಂತೆಯಲ್ಲಿ ಸಿಗುವ ಅಗ್ಗದ ಬುಟ್ಟಿ. ಬೇರು ತೂತಿನವರೆಗೆ ಬಂದು ಗಾಳಿ ತಾಗಿ ತುದಿ ಒಣಗುತ್ತದೆ, ಹಿಂದಿನಿಂದ ಕವಲೊಡೆಯುತ್ತದೆ. ಕುಂಡದಲ್ಲಾದರೆ ಗೋಡೆ ಸುತ್ತಿ ಸುತ್ತಿ ಸಿಂಬಿಯಾಗುತ್ತಿತ್ತು. ಆಗ ಬೇರಿನ ಸುತ್ತ ಬೆಳ್ಳಗೆ ಹತ್ತಿಯಂಥದ್ದು ಕಾಣುತ್ತದೆ. ನಮ್ಮ ಮನೆಯವರು, "ಬೂಷ್ಟು ಹಿಡಿದಿದೆ, ಬಿಸಾಕ್ಲಾ?" ಅಂತ ಕೇಳಿದ್ದರು. ಅದು ಪೈನಿನ ಜೊತೆಗಾರ ಶಿಲೀಂಧ್ರ. ಬೇರಿಗೆ ನೀರು, ರಂಜಕ ತಂದುಕೊಟ್ಟು ಬದಲಿಗೆ ಸಕ್ಕರೆ ಪಡೆಯುತ್ತದೆ. ಕುಂಡ ಬದಲಿಸುವಾಗ ಅದನ್ನು ತೊಳೆಯಬೇಡಿ, ಒಂದು ಹಿಡಿ ಹೊಸ ಬುಟ್ಟಿಗೂ ಹಾಕಿ.

ಗೊಬ್ಬರಕ್ಕೆ ಜಪಾನಿನವರು ಸಾಸಿವೆ ಜಾತಿಯ ಎಣ್ಣೆಕಾಳಿನ ಹಿಂಡಿ ಇಡುತ್ತಾರೆ. ನಮಗೆ ಕಡ್ಲೆಕಾಯಿ ಹಿಂಡಿ, ಬೇವಿನ ಹಿಂಡಿ ಇದೆ, ಸಾಕು. ಮಳೆಗಾಲದಲ್ಲಿ ಹಿಂಡಿ ಬೇಡ, ಹುಳ ಬೀಳುತ್ತದೆ. ತಂತಿ ಸುತ್ತಿ ಬಾಗಿಸುವುದು ಎರಡನೇ ಮೂರನೇ ವರ್ಷ, ಕಾಂಡ ಪೆನ್ಸಿಲಿಗಿಂತ ಸಣ್ಣದಿರುವಾಗಲೇ. ಬಾಗು ಬುಡದ ಹತ್ತಿರವೇ ಶುರುವಾಗಲಿ. ಆಮೇಲೆ ಮೇಲಿನ ಒಂದು ಕೊಂಬೆಯನ್ನು ಹೋದಷ್ಟು ಹೋಗಲಿ ಅಂತ ಬಿಡಿ. ಬುಡ ದಪ್ಪವಾಗುವುದು ಅದರಿಂದಲೇ. ಮುಂದೊಂದು ದಿನ ಅದನ್ನು ತೆಗೆಯುತ್ತೇವೆ.

ಕತ್ತರಿ ಹಾಕುವವರು ಒಂದು ಮಾತು ಮರೆಯಬೇಡಿ. ಕಾಫಿ ಗಿಡವನ್ನು ಎಷ್ಟು ಕಸಿ ಮಾಡಿದರೂ, ಅಂದರೆ ರೆಂಬೆ ಸವರಿದರೂ, ಹಳೇ ಕಾಂಡದಿಂದ ಚಿಗುರು ಬರುತ್ತದೆ. ಮೊಣಕಾಲೆತ್ತರಕ್ಕೆ ಕತ್ತರಿಸಿದರೂ ಬರುತ್ತದೆ. ಪೈನ್ ಹಾಗಲ್ಲ. ಹಸಿರು ಸೂಜಿ ಉಳಿಸದೆ ಬೋಳು ಕೊಂಬೆಗೆ ಕತ್ತರಿಸಿದರೆ ಆ ಕೊಂಬೆ ಸತ್ತಿತು ಅಂತಲೇ ಲೆಕ್ಕ. ಕಾಫಿ ಕೈ ಇಲ್ಲಿ ಮೋಸ ಮಾಡುತ್ತದೆ, ನಾನೇ ಎರಡು ಗಿಡ ಕಳೆದುಕೊಂಡಿದ್ದೇನೆ.

ಸೂಜಿ ಗಿಡ್ಡ ಮಾಡಲು ಬೇಸಿಗೆಯಲ್ಲಿ ಹೊಸ ಚಿಗುರನ್ನೆಲ್ಲ ಕತ್ತರಿಸುವ ಮೆಕಿರಿ ಎಂಬ ಪದ್ಧತಿ ಇದೆ. ಅದು ಬುಡ ದಪ್ಪವಾದ, ಬಲವಾದ ಮರಕ್ಕೆ. ಸಸಿಗೆ ಮಾಡಿದರೆ ಬೆಳವಣಿಗೆ ನಿಂತುಹೋಗುತ್ತದೆ. ಇಲ್ಲಿರುವ ಯಾರಿಗೂ ಇನ್ನು ಐದಾರು ವರ್ಷ ಅದರ ಚಿಂತೆ ಬೇಡ.

ರೈಟ್ರ ಪ್ರಶ್ನೆ ಬಾಕಿ ಇದೆಯಲ್ಲ. ಮೂರನೇ ವರ್ಷ ಒಂದು ಗಿಡವನ್ನು ಬುಟ್ಟಿಯಿಂದ ತೆಗೆದು, ಹೆಂಚಿನ ಚೂರು ಕೊಡವಿ, ಬುಡ ಕಾಣುವ ಹಾಗೆ ಜಗಲಿ ಮೇಲಿಟ್ಟು ಅವರನ್ನು ಕರೆದೆ. ಕನ್ನಡಕ ಹಾಕಿಕೊಂಡು ಕೂತರು. ಬೆರಳಿನಿಂದ ಒಂದೊಂದೇ ಬೇರು ಮುಟ್ಟಿ ಎಣಿಸಿದರು. ಹನ್ನೊಂದು. ಗಿಡ ಒಂದು ಸುತ್ತು ತಿರುಗಿಸಿ ಇನ್ನೊಮ್ಮೆ ಎಣಿಸಿದರು. ಆಗಲೂ ಹನ್ನೊಂದೇ.

"ನೋಡಿದ್ರಾ ರೈಟ್ರೇ, ತಾಯಿಬೇರಿಲ್ಲ, ಗಿಡ ಇದೆ" ಅಂದೆ, ಸ್ವಲ್ಪ ಜಂಬದಲ್ಲೇ.

ರೈಟ್ರು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. "ಅದ್ರಲ್ಲೇನು ಬಿಡಿ ಅಯ್ಯಾ. ಕೆಳಗಿನ ತಾಕಿನ ರೋಬಸ್ಟಾ ಕಾಫಿ, ಕಡ್ಡಿ ನೆಟ್ಟು ಬೆಳೆಸಿದ ಕಟಿಂಗ್ ಗಿಡ, ಅದಕ್ಕೂ ತಾಯಿಬೇರಿಲ್ಲ. ನಾನೇ ನೆಟ್ಟಿದ್ದು" ಅಂದರು.